ಆಸ್ಪತ್ರೆಯ ಜಾಲತಾಣವೂ ರೋಗಿಯ ಪ್ರಶ್ನೆಯೂ

ವಿನೋದಕ್ಕಾಗಿ ಆಸ್ಪತ್ರೆಯ ಜಾಲತಾಣವನ್ನು ತೆರೆದು ಓದುವವರು ಯಾರೂ ಇಲ್ಲ. ಪ್ರವಾಸಸ್ಥಳದ ವರ್ಣನೆಯನ್ನೋ ಸೀರೆಯಂಗಡಿಯ ಹೊಸ ಸರಕನ್ನೋ ನೋಡುವಾಗ ಇರತಕ್ಕ ನಿರಾತಂಕವಾದ ಕುತೂಹಲವು ಇಲ್ಲಿಗೆ ಬರುವವರಲ್ಲಿ ಇರುವುದಿಲ್ಲ. ತಾಯಿಯ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತೆಂದು ನಿದ್ದೆಗೆಟ್ಟ ಮಗಳು, ನಾಳೆಯ ಸ್ಕ್ಯಾನಿಂಗಿಗೆ ಬರಿಹೊಟ್ಟೆಯಲ್ಲಿ ಹೋಗಬೇಕೋ ತಿಂದು ಹೋಗಬೇಕೋ ಎಂಬುದು ತಿಳಿಯದ ವೃದ್ಧ, ರಾಯಚೂರಿನ ಕಡೆಯ ಹಳ್ಳಿಯಿಂದ ಬೆಂಗಳೂರಿನ ರಾತ್ರಿ ಬಸ್ಸನ್ನು ಹತ್ತುವ ಮೊದಲು ವೈದ್ಯರು ಮಂಗಳವಾರ ಸಿಕ್ಕುವರೋ ಬುಧವಾರ ಸಿಕ್ಕುವರೋ ಎಂದು ಖಚಿತ ಮಾಡಿಕೊಳ್ಳಬೇಕಾದ ರೈತ, ಇಂಥವರು ಅದರ ಓದುಗರು. ಇವರೆಲ್ಲರಿಗೂ ಒಂದೊಂದು ಪ್ರಶ್ನೆಯುಂಟು. ಆ ಪ್ರಶ್ನೆಯ ಹಿಂದೆ ಸ್ವಲ್ಪ ಭಯವೂ ಉಂಟು. ಹೀಗಿರಲು, ನಮ್ಮ ಬಹುಪಾಲು ಆಸ್ಪತ್ರೆಗಳ ಜಾಲತಾಣವನ್ನು ತೆರೆದೊಡನೆ ಮೊದಲು ದರ್ಶನವೀಯುವುದು ಅಧ್ಯಕ್ಷರ ಸಂದೇಶ. ಅನಂತರ ಗಾಜಿನ ಕಟ್ಟಡದ ಚಿತ್ರ. ಅದಾದಮೇಲೆ ನಮ್ಮ ನಾಡಿನಲ್ಲೆಲ್ಲಿಯೂ ಕಾಣಸಿಗದ, ಯಾವ ದೇಶದವರೆಂದು ಹೇಳಲಾಗದ, ಸದಾ ನಗುತ್ತಲೇ ಇರುವ ವೈದ್ಯರ ಗುಂಪೊಂದು. ರೋಗಿಯು ಕೇಳಿದ ಪ್ರಶ್ನೆಗೆ ಉತ್ತರವು ಆ ತಾಣದಲ್ಲಿ ಇದ್ದರೂ ಇದ್ದೀತು. ಅದು ನಾಲ್ಕನೆಯ ಮೆಟ್ಟಿಲನ್ನು ಇಳಿದಮೇಲೆ ದೊರೆಯತಕ್ಕದ್ದು.

ಆಸ್ಪತ್ರೆಯು ತನ್ನ ತಾಣದಲ್ಲಿ ಯಾವ ಬಗೆಯ ಬರಹವನ್ನು ಇಡಬೇಕು, ಯಾವುದನ್ನು ಕೋಷ್ಟಕವಾಗಿ, ಯಾವುದನ್ನು ಚಿತ್ರವಾಗಿ, ಯಾವುದನ್ನು ವಿಡಿಯೋ ಆಗಿ ಕೊಡಬೇಕು ಎಂಬುದನ್ನು ಪ್ರಾಯಶಃ ತಾಣವನ್ನು ಕಟ್ಟಿಕೊಡುವ ಕಂಪನಿಯವರೇ ನಿರ್ಣಯಿಸುತ್ತಾರೆ. ಅವರ ಕೈಯಲ್ಲಿ ಸಿದ್ಧಪಡಿಸಿದ ಅಚ್ಚೊಂದು ಇರುತ್ತದೆ. ಅದೇ ಅಚ್ಚಿನಲ್ಲಿ ನಿನ್ನೆ ಹೋಟೆಲಿನ ತಾಣವನ್ನು ಎರಕಹೊಯ್ದಿದ್ದರೆ ಇಂದು ಆಸ್ಪತ್ರೆಯದನ್ನು ಹೊಯ್ಯುತ್ತಾರೆ. ಆದರೆ ಈ ನಿರ್ಣಯಕ್ಕೆ ಆಧಾರವಾಗಬೇಕಾದುದು ಸಂಸ್ಥೆಯ ವೈಭವವೂ ಅಲ್ಲ, ಯಂತ್ರದ ಸೌಕರ್ಯವೂ ಅಲ್ಲ; ಓದುವವನು ಆ ಗಳಿಗೆಯಲ್ಲಿ ಯಾವ ಅವಸ್ಥೆಯಲ್ಲಿದ್ದಾನೆ ಎಂಬುದು. ರೋಗದ ಶಂಕೆಯಲ್ಲಿರುವವನಿಗೆ ಬೇಕಾದ ಬರಹ ಬೇರೆ, ಶಸ್ತ್ರಕ್ರಿಯೆಗೆ ದಿನ ಗೊತ್ತಾದವನಿಗೆ ಬೇಕಾದುದು ಬೇರೆ, ಗುಣವಾಗಿ ಮನೆಗೆ ಮರಳಿದವನಿಗೆ ಬೇಕಾದುದು ಬೇರೆ.

ಎಲ್ಲಕ್ಕಿಂತ ಹೆಚ್ಚಿನ ಜನ ಹುಡುಕುವುದು ಎಲ್ಲಕ್ಕಿಂತ ನೀರಸವಾದ ಸಂಗತಿಯನ್ನು: ಹೊರರೋಗಿ ವಿಭಾಗವು ಎಷ್ಟು ಹೊತ್ತಿಗೆ ತೆರೆಯುತ್ತದೆ, ಚೀಟಿ ಕೊಡುವುದು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಮೂಳೆಯ ವೈದ್ಯರು ಯಾವ ಯಾವ ವಾರ ಕುಳಿತಿರುತ್ತಾರೆ, ಬಸ್ ನಿಲ್ದಾಣದಿಂದ ಯಾವ ಬಸ್ಸು, ಒಳಗೆ ಯಾವ ಬ್ಲಾಕು, ರೋಗಿಯೊಡನೆ ಬಂದವರಿಗೆ ರಾತ್ರಿ ತಂಗಲು ಸ್ಥಳವುಂಟೇ. ಇದನ್ನು ಸೊಗಸಾದ ಗದ್ಯದಲ್ಲಿ ಬರೆಯಬೇಕಾಗಿಲ್ಲ. ಒಂದು ಸಾದಾ ಕೋಷ್ಟಕ ಸಾಕು. ಆದರೆ ಆ ಕೋಷ್ಟಕವು ನಿಜವಾದ ಅಕ್ಷರಗಳಲ್ಲಿ ಇರಬೇಕೆಂಬುದನ್ನು ನಮ್ಮ ಸಾರ್ವಜನಿಕ ಆಸ್ಪತ್ರೆಗಳು ಅನೇಕ ವೇಳೆ ಮರೆಯುತ್ತವೆ. ಕಚೇರಿಯಲ್ಲಿ ಬೆರಳಚ್ಚು ಮಾಡಿದ ಪಟ್ಟಿಗೆ ಅಧೀಕ್ಷಕರು ಸಹಿ ಹಾಕಿ, ಮೊಹರು ಒತ್ತಿ, ಅದನ್ನು ಸ್ಕ್ಯಾನ್ ಮಾಡಿ, ಓರೆಯಾದ ಪಿ.ಡಿ.ಎಫ್. ಆಗಿ ಏರಿಸಿಬಿಟ್ಟರೆ ಕಡತದ ಮಟ್ಟಿಗೆ ಕರ್ತವ್ಯವು ಮುಗಿಯಿತು. ಮೊಬೈಲಿನ ಚಿಕ್ಕ ಪರದೆಯಲ್ಲಿ ಅದನ್ನು ಹಿಗ್ಗಿಸಿ ಎಡಕ್ಕೂ ಬಲಕ್ಕೂ ಎಳೆದು ಓದುವ ಶ್ರಮವು ಓದುಗನದು. ಅಕ್ಷರವಿದ್ದರೂ ಸಾಲದು: ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಲಿಪಿಸಂಕೇತದಲ್ಲಿ ಟೈಪು ಮಾಡಿದ ಕನ್ನಡವು ಕಣ್ಣಿಗೆ ಕನ್ನಡವಾಗಿ ತೋರಿದರೂ ಯಂತ್ರದ ಪಾಲಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ, ಯೂನಿಕೋಡಿಗೆ ಪರಿವರ್ತಿಸಿದ ಹೊರತು ಗೂಗಲ್ಲಿನಲ್ಲಿ ಹುಡುಕಿದವನಿಗೆ ಅದು ಸಿಕ್ಕದು, ತೆರೆಯ ಮೇಲಿನ ಬರಹವನ್ನು ಓದಿಸಿ ಕೇಳುವ ಅಂಧರಿಗೆ ಅದು ಕೇಳಿಸದು. ನೇತ್ರವಿಭಾಗದ ವೇಳಾಪಟ್ಟಿಯೇ ದೃಷ್ಟಿಹೀನರಿಗೆ ನಿಲುಕದಂತಿದ್ದರೆ ಅದನ್ನು ಏನೆಂದು ಕರೆಯುವುದೋ ನಾನರಿಯೆ.

ತುರ್ತಿನ ವಿಷಯದಲ್ಲಿ ಹೇಳತಕ್ಕದ್ದು ಸ್ವಲ್ಪ. ಅಲ್ಲಿ ಇರತಕ್ಕ ಬರಹವೂ ಸ್ವಲ್ಪವೇ. 108 ಎಂಬ ಸಂಖ್ಯೆ, ಆಸ್ಪತ್ರೆಯ ತುರ್ತು ವಿಭಾಗದ ದೂರವಾಣಿ, ಹೆಬ್ಬಾಗಿಲು ಯಾವ ರಸ್ತೆಗೆ ಎಂಬುದು, ಮತ್ತು ದಾರಿಯಲ್ಲಿ ಮಾಡಬೇಕಾದ, ಮಾಡಬಾರದ ಕೆಲಸಗಳ ಬಗ್ಗೆ ಒಂದೆರಡು ಮಾತು. ಹಾವು ಕಚ್ಚಿದವನನ್ನು ಕೂಡಿಸಿಕೊಂಡು ಹೋಗುವವನು ವಿಷವಿಜ್ಞಾನದ ಲೇಖನವನ್ನು ಓದಲಾರ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ಕಚ್ಚಿದ ಅಂಗವನ್ನು ಅಲುಗಿಸದೆ ಬೇಗ ಕರೆತನ್ನಿ ಎಂದಿಷ್ಟೇ ದಪ್ಪಕ್ಷರದಲ್ಲಿ ಇರಬೇಕು. ಲಕ್ವ ಹೊಡೆದವನಿಗೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಲ್ಲಬೇಕಾದುದರಿಂದ, ಆ ಮದ್ದೂ ಮಿದುಳಿನ ಸಿ.ಟಿ. ಸ್ಕ್ಯಾನೂ ರಾತ್ರಿಯಲ್ಲಿಯೂ ತಮ್ಮಲ್ಲಿ ದೊರೆಯುವುವೇ ಇಲ್ಲವೇ ಎಂಬುದನ್ನು ಪ್ರತಿಯೊಂದು ಆಸ್ಪತ್ರೆಯೂ ಮುಚ್ಚುಮರೆಯಿಲ್ಲದೆ ಹೇಳತಕ್ಕದ್ದು. ಇಲ್ಲವೆಂದು ಹೇಳುವುದರಲ್ಲಿ ಅವಮಾನವೇನೂ ಇಲ್ಲ; ಹೇಳದೆ ಒಂದು ಗಂಟೆಯನ್ನು ಕಳೆಯಿಸುವುದರಲ್ಲಿ ಉಂಟು.

ಹಣದ ವಿಷಯಕ್ಕೆ ಬರುವಾಗ ತಾಣಗಳ ವಾಚಾಳಿತ್ವವೆಲ್ಲ ತಟ್ಟನೆ ಮೌನವನ್ನು ತಾಳುತ್ತದೆ. ಹೃದಯದ ರಕ್ತನಾಳಕ್ಕೆ ಸ್ಟೆಂಟು ಹಾಕುವ ಕ್ರಮವನ್ನು ಬಣ್ಣದ ಚಿತ್ರಗಳಲ್ಲಿ ವಿವರಿಸುವ ಪುಟದಲ್ಲಿಯೇ ಅದಕ್ಕೆ ತಗಲುವ ವೆಚ್ಚವೆಷ್ಟೆಂದು ಹುಡುಕಿದರೆ, ಸಂಪರ್ಕಿಸಿ ಎಂಬ ಒಂದು ಗುಂಡಿ ಮಾತ್ರ ಕಾಣುತ್ತದೆ. ಅಮೆರಿಕದಲ್ಲಿ ಈ ಮೌನವು ಎಷ್ಟರಮಟ್ಟಿಗೆ ಬೆಳೆದಿತ್ತೆಂದರೆ, ಅಲ್ಲಿನ ಒಕ್ಕೂಟ ಸರ್ಕಾರವು 2021ರ ಜನವರಿ 1ರಿಂದ ಆಸ್ಪತ್ರೆಗಳು ತಮ್ಮ ದರಗಳನ್ನೆಲ್ಲ ಯಂತ್ರಗಳು ಓದಬಹುದಾದ ಕಡತವಾಗಿಯೂ, ಮುಂಚಿತವಾಗಿ ಯೋಜಿಸಿ ಪಡೆಯಬಹುದಾದ 300 ಸೇವೆಗಳ ದರವನ್ನು ಸಾಮಾನ್ಯರಿಗೆ ತಿಳಿಯುವ ರೂಪದಲ್ಲಿಯೂ ಜಾಲತಾಣದಲ್ಲಿ ಪ್ರಕಟಿಸತಕ್ಕದ್ದೆಂದು ವಿಧಿಸಬೇಕಾಯಿತು. ಒಂದೇ ದರಪಟ್ಟಿಗೆ ಎರಡು ರೂಪಗಳು ಏಕೆ ಎಂಬುದನ್ನು ಗಮನಿಸಬೇಕು: ಮೊದಲನೆಯದು ಸಂಶೋಧಕರಿಗೂ ವಿಮೆಯವರಿಗೂ ಪತ್ರಿಕೆಗಳಿಗೂ, ಎರಡನೆಯದು ಮಂಡಿಯ ನೋವಿನಿಂದ ನರಳುತ್ತಿರುವ ಮನುಷ್ಯನಿಗೆ. ನಮ್ಮ ದೇಶದಲ್ಲಿಯೂ ವಿಧಿಯಿಲ್ಲದೆ ಇಲ್ಲ. ಕೇಂದ್ರದ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯಿದೆಯ 2012ರ ನಿಯಮಗಳು ದರಗಳನ್ನು ಎದ್ದು ಕಾಣುವ ಸ್ಥಳದಲ್ಲಿ, ಸ್ಥಳೀಯ ಭಾಷೆಯಲ್ಲಿಯೂ ಇಂಗ್ಲಿಷಿನಲ್ಲಿಯೂ ಪ್ರದರ್ಶಿಸಬೇಕೆನ್ನುತ್ತವೆ; ಕರ್ನಾಟಕದಲ್ಲಿ ಜಾರಿಯಲ್ಲಿರುವುದು 2007ರ ನಮ್ಮದೇ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ; ಅದೂ ಚಿಕಿತ್ಸಾಶುಲ್ಕವನ್ನು ರೋಗಿಗಳ ಅವಗಾಹನೆಗೆ ತರತಕ್ಕದ್ದೆಂಬ ಪಕ್ಷದಲ್ಲಿಯೇ ಇದೆ. ಎದ್ದು ಕಾಣುವ ಸ್ಥಳವೆಂಬುದು ಒಂದಾನೊಂದು ಕಾಲದಲ್ಲಿ ಹಣ ಕಟ್ಟುವ ಕಿಟಕಿಯ ಪಕ್ಕದ ಗೋಡೆಯಾಗಿತ್ತು. ಇಂದು ಅದು ಅಂಗೈಯಲ್ಲಿನ ಮೊಬೈಲು.

ದರಕ್ಕಿಂತಲೂ ತೊಡಕಾದುದು ಸರ್ಕಾರೀ ಯೋಜನೆಗಳ ವಿಚಾರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಉಳಿದವರಿಗೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ತುರ್ತಿಲ್ಲದ ಸಂದರ್ಭಗಳಲ್ಲಿ ಮೊದಲು ಸರ್ಕಾರೀ ಆಸ್ಪತ್ರೆಗೆ ಹೋಗಿ ಅಲ್ಲಿಂದ ರೆಫರಲ್ ಪತ್ರವನ್ನು ತರಬೇಕೆಂಬ ಏರ್ಪಾಟಿನ ಮೇಲೆ ಅದು 2018ರಲ್ಲಿ ಆರಂಭವಾಯಿತು. ಈ ರೆಫರಲ್ ಪತ್ರವಿಲ್ಲದೆ ನೇರವಾಗಿ ಬಂದು, ಕಿಟಕಿಯಲ್ಲಿ ಹಿಂದಕ್ಕೆ ಕಳುಹಿಸಲ್ಪಟ್ಟು, ಸಾಲ ಮಾಡಿ ಹಣ ಕಟ್ಟಿದ ಕುಟುಂಬಗಳ ಕಥೆಗಳು ನಮ್ಮ ಎಲ್ಲ ಜಿಲ್ಲೆಗಳಲ್ಲಿಯೂ ಉಂಟು. ಆದುದರಿಂದ ಆಸ್ಪತ್ರೆಯ ತಾಣದಲ್ಲಿ ಯಾವ ಯೋಜನೆಯು ಇಲ್ಲಿ ಸಲ್ಲುತ್ತದೆ, ಯಾವ ಚಿಕಿತ್ಸೆಗೆ ಸಲ್ಲುತ್ತದೆ, ಯಾವ ಕಾರ್ಡು, ಯಾವ ಪತ್ರ, ಯಾರ ಮೇಜಿನ ಮುಂದೆ ಎಂಬುದು ಪ್ರಶ್ನೋತ್ತರದ ರೂಪದಲ್ಲಿ ಇರುವುದು ಉತ್ತಮ. ಏಕೆಂದರೆ ಇದು ಜನರು ಪ್ರಶ್ನೆಯಾಗಿಯೇ ಕೇಳುವ ವಿಷಯ. ಪ್ರಶ್ನೋತ್ತರಗಳನ್ನು ಕಚೇರಿಯಲ್ಲಿ ಕುಳಿತು ಕಲ್ಪಿಸಿ ಬರೆಯುವ ಅಭ್ಯಾಸವೊಂದುಂಟು. ಅದಕ್ಕೆ ಬದಲಾಗಿ ವಿಚಾರಣಾ ಕೌಂಟರಿನಲ್ಲಿ ಕುಳಿತವರನ್ನು ಕರೆದು, ದಿನಕ್ಕೆ ಇಪ್ಪತ್ತು ಬಾರಿ ನಿಮ್ಮನ್ನು ಏನು ಕೇಳುತ್ತಾರೆ ಎಂದು ವಿಚಾರಿಸಿದರೆ ಬರಹದ ಅರ್ಧವು ತಾನಾಗಿಯೇ ಸಿದ್ಧವಾಗುತ್ತದೆ.

ಇನ್ನು ರೋಗಗಳ ವಿವರಣೆ. ತಿಂಗಳಿಗಿಷ್ಟು ಲೇಖನಗಳೆಂದು ಗುತ್ತಿಗೆ ಕೊಟ್ಟು, ವೈದ್ಯರ ಕಣ್ಣಿಗೇ ಬೀಳದ ಬರಹಗಳನ್ನು ತುಂಬಿಸುವ ಪದ್ಧತಿಯು ಖಾಸಗಿ ಆಸ್ಪತ್ರೆಗಳಲ್ಲಿ ಬಲವಾಗಿ ಬೇರೂರಿದೆ. ಅವುಗಳ ಉದ್ದೇಶ ರೋಗಿಯ ತಿಳಿವಳಿಕೆಯಲ್ಲ, ಹುಡುಕುಯಂತ್ರದ ಮೊದಲ ಪುಟ. ನನ್ನ ಮಟ್ಟಿಗೆ, ಸಕ್ಕರೆ ಕಾಯಿಲೆಯ ಬಗ್ಗೆ ಪ್ರತಿಯೊಂದು ಆಸ್ಪತ್ರೆಯೂ ಬೇರೆ ಬೇರೆಯಾಗಿ ಬರೆಯಬೇಕಾದ ಅವಶ್ಯಕತೆಯೇ ಇಲ್ಲ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1998ರಿಂದ ಮೆಡ್‌ಲೈನ್‌ಪ್ಲಸ್ ಎಂಬ ತಾಣವನ್ನು ಸಾಮಾನ್ಯ ಜನರಿಗಾಗಿಯೇ ನಡೆಸುತ್ತಿದೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯು ತನ್ನ ತಾಣದ ಬರಹವು 9ರಿಂದ 11 ವರ್ಷದ ಮಗುವಿನ ಓದಿಗೆ ನಿಲುಕುವಂತಿರಬೇಕೆಂಬ ಗುರಿಯನ್ನಿಟ್ಟುಕೊಂಡಿದೆ. ಮಲಮೂತ್ರಗಳಿಗೂ ಮನೆಯಲ್ಲಿ ಮಕ್ಕಳೊಡನೆ ಆಡುವ ಶಬ್ದಗಳನ್ನೇ ಅದು ಬಳಸುತ್ತದೆ. ಅದರ ರೋಗವಿವರಣೆಯ ಪುಟಗಳ ಅಡಿಯಲ್ಲಿ ಕೊನೆಯ ಬಾರಿ ಪರಿಶೀಲಿಸಿದ ದಿನಾಂಕವೂ ಮುಂದಿನ ಪರಿಶೀಲನೆಯ ದಿನಾಂಕವೂ ನಮೂದಾಗಿರುತ್ತವೆ. ಈ ಅಂಕಣದ ವಾಕ್ಯಗಳಂಥ ವಾಕ್ಯಗಳನ್ನು ಯಾರಾದರೂ ಆಸ್ಪತ್ರೆಯ ತಾಣಕ್ಕೆ ಬರೆದುಕೊಟ್ಟರೆ ಅವರನ್ನು ನಮಸ್ಕಾರ ಮಾಡಿ ಹಿಂದಕ್ಕೆ ಕಳುಹಿಸಬೇಕು.

ಕನ್ನಡದಲ್ಲಿ ವೈದ್ಯವನ್ನು ತಿಳಿಯಹೇಳುವ ಶಕ್ತಿ ಇಲ್ಲವೆಂದು ಯಾರೂ ಹೇಳಲಾಗದು. ಕೊರವಂಜಿ ಪತ್ರಿಕೆಯ ಸಂಪಾದಕರಾಗಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರ ಮನೋವೈದ್ಯದ ಗ್ರಂಥ ಮನಮಂಥನಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು; ಡಾ. ಅನುಪಮಾ ನಿರಂಜನ ಅವರ ತಾಯಿ-ಮಗು ಎಷ್ಟೋ ಮನೆಗಳಲ್ಲಿ ಬಸುರಿಯ ತಲೆದಿಂಬಿನ ಬಳಿ ಇರುತ್ತಿದ್ದ ಪುಸ್ತಕ; ನಿಮ್ಹಾನ್ಸಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಕಾಯಿಲೆಗಳ ಕುರಿತು ತಿಳಿಗನ್ನಡದಲ್ಲಿ ಬರೆದ ಪುಸ್ತಕಗಳೋ ಅನೇಕ. ಇಂಥ ಪರಂಪರೆಯನ್ನು ಬೆನ್ನಿಗಿಟ್ಟುಕೊಂಡಿರುವ ನಾಡಿನ ಆಸ್ಪತ್ರೆಗಳು, ಇಂಗ್ಲಿಷ್ ಪುಟವನ್ನು ಯಂತ್ರದ ಮೂಲಕ ಅನುವಾದಿಸಿ ಕನ್ನಡವೆಂದು ಕೊಡುವುದು ಅಪಾಯಕರವೂ ಹೌದು, ಲಜ್ಜಾಸ್ಪದವೂ ಹೌದು.

ಆದರೆ ಆಸ್ಪತ್ರೆಯೇ ಬರೆಯಬೇಕಾದ, ಮತ್ತಾರೂ ಬರೆದುಕೊಡಲಾರದ ರೋಗವಿವರಣೆಯ ಬಗೆಯೊಂದುಂಟು. ಅದು ಆ ಸೀಮೆಯ ರೋಗದ್ದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದ ಬರುವುದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಸೌದೆಗೋ ತರಗಲೆಗೋ ಕಾಡಿಗೆ ಹೋಗುವವರು ಏನು ಉಟ್ಟುಕೊಳ್ಳಬೇಕು, ಮರಳಿದಮೇಲೆ ಏನು ಮಾಡಬೇಕು, ಮಂಗ ಸತ್ತು ಬಿದ್ದುದನ್ನು ಕಂಡರೆ ಯಾರಿಗೆ ತಿಳಿಸಬೇಕು, ಯಾವ ಜ್ವರಕ್ಕೆ ರಕ್ತಪರೀಕ್ಷೆ ಬೇಕು ಎಂಬುದನ್ನು ಲಂಡನ್ನಿನ ತಾಣವಾಗಲಿ ವಾಷಿಂಗ್‌ಟನ್ನಿನ ತಾಣವಾಗಲಿ ಸಾಗರದವರಿಗೂ ತೀರ್ಥಹಳ್ಳಿಯವರಿಗೂ ಬೇಕಾದಂತೆ ಹೇಳಲಾರದು. ಮಲೆನಾಡಿನ ಆಸ್ಪತ್ರೆಯ ತಾಣದ ಮೊದಲ ಪುಟದಲ್ಲಿ ನವೆಂಬರ್ ಕೊನೆಗೇ ಆ ಬರಹವು ಬಂದು ಕುಳಿತಿರಬೇಕು. ಜೂನಿನಲ್ಲಿ ಅದು ಡೆಂಗಿಗೆ ಸ್ಥಳ ಬಿಟ್ಟುಕೊಡಲಿ.

ಚಿಕಿತ್ಸೆಗೆ ಮುಂಚಿನ ಹಾಗೂ ಅನಂತರದ ಸೂಚನೆಗಳನ್ನು ನಾನು ತಾಣದ ಜೀವಾಳವೆಂದೇ ಎಣಿಸುತ್ತೇನೆ. ಅತ್ಯಂತ ಉಪೇಕ್ಷೆಗೆ ಗುರಿಯಾದುದೂ ಅದೇ. ಅರಿವಳಿಕೆ ಕೊಡುವ ಶಸ್ತ್ರಕ್ರಿಯೆಗೆ ಮೊದಲು ಲಘು ಆಹಾರ ನಿಲ್ಲಿಸಿ ಸಾಮಾನ್ಯವಾಗಿ 6 ಗಂಟೆಯೂ ತಿಳಿನೀರು ನಿಲ್ಲಿಸಿ 2 ಗಂಟೆಯೂ ಆಗಿರಬೇಕು; ಕಿಬ್ಬೊಟ್ಟೆಯ ಕೆಲವು ಸ್ಕ್ಯಾನಿಂಗುಗಳಿಗೆ ಮೂತ್ರಕೋಶವು ತುಂಬಿರಬೇಕು; ಉಪವಾಸದ ಸಕ್ಕರೆಯ ಪರೀಕ್ಷೆಗೆ 8 ಗಂಟೆಯಾದರೂ ನೀರಲ್ಲದೆ ಬೇರೇನೂ ಸೇರಿರಬಾರದು. ನರ್ಸಮ್ಮನವರು ಗದ್ದಲದ ನಡುವೆ ಒಂದೇ ಉಸಿರಿನಲ್ಲಿ ಹೇಳುವ ಈ ಮಾತುಗಳು ರೋಗಿಗೆ ಬಾಗಿಲು ದಾಟುವಷ್ಟರಲ್ಲಿ ಮರೆತುಹೋಗುತ್ತವೆ; ಮಾರನೆಯ ದಿನ ಕಾಫಿ ಕುಡಿದು ಬಂದವನನ್ನು ಹಿಂದಕ್ಕೆ ಕಳುಹಿಸುವುದರಿಂದ ಒಬ್ಬನ ದಿನಗೂಲಿಯೂ ಮತ್ತೊಬ್ಬನ ಸರದಿಯೂ ಕೆಡುತ್ತವೆ. ಒಂದೊಂದು ಪರೀಕ್ಷೆಗೆ ಒಂದೊಂದು ಚಿಕ್ಕ ಪುಟವಿದ್ದು, ಚೀಟಿಯ ಮೇಲಿನ ಕ್ಯೂ.ಆರ್. ಗುರುತು ನೇರವಾಗಿ ಅಲ್ಲಿಗೇ ಒಯ್ಯುವಂತಿದ್ದರೆ ಈ ತೊಂದರೆಯ ಬಹುಭಾಗವು ನಿವಾರಣೆಯಾದೀತು.

ವಿಡಿಯೋ ಬೇಕಾಗುವುದು ಇಲ್ಲಿಯೇ. ಉಬ್ಬಸದ ರೋಗಿಯು ಇನ್ಹೇಲರನ್ನು ಅಲುಗಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳ ನಡುವೆ ಹಿಡಿದು, ನಿಧಾನವಾಗಿ ಒಳಗೆಳೆದುಕೊಳ್ಳಲಾರಂಭಿಸಿದ ಕ್ಷಣದಲ್ಲಿಯೇ ಒತ್ತಿ, ಆಮೇಲೆ ಹತ್ತು ಸೆಕೆಂಡು ಉಸಿರನ್ನು ತಡೆದಿರಬೇಕೆಂಬುದನ್ನು ಎಷ್ಟು ಚೆನ್ನಾಗಿ ಬರೆದರೂ ಅಕ್ಷರವು ಕಲಿಸಲಾರದು. ಒಬ್ಬಾಕೆ ಮಾಡಿ ತೋರಿಸಿದರೆ ಒಂದು ನಿಮಿಷದಲ್ಲಿ ಕಲಿಯಬಹುದು. ಇನ್ಸುಲಿನ್ ಚುಚ್ಚಿಕೊಳ್ಳುವುದೂ ಮಂಡಿಯ ಶಸ್ತ್ರಕ್ರಿಯೆಯಾದಮೇಲಿನ ವ್ಯಾಯಾಮವೂ ಹಸುಗೂಸನ್ನು ಮೊಲೆಗೆ ಹಿಡಿಯುವುದೂ ಇದೇ ಜಾತಿಗೆ ಸೇರಿದವು. ಆದರೆ ವಿಡಿಯೋ ಎಂದೊಡನೆ ನಮ್ಮ ಆಸ್ಪತ್ರೆಗಳಿಗೆ ನೆನಪಾಗುವುದು ಕ್ಯಾಮೆರಾದ ಮುಂದೆ ಹತ್ತು ನಿಮಿಷ ಮಾತನಾಡುವ ಹಿರಿಯ ವೈದ್ಯರು. ಅದು ಬರಹವಾಗಿದ್ದರೆ ಎರಡು ನಿಮಿಷದಲ್ಲಿ ಓದಿ ಮುಗಿಯುತ್ತಿತ್ತು, ನೆಟ್‌ವರ್ಕ್ ಕ್ಷೀಣವಾಗಿರುವ ಊರಿನಲ್ಲಿಯೂ ತೆರೆಯುತ್ತಿತ್ತು. ಅಳತೆಯ ಮಾತು ಬರುವಲ್ಲಿ ಮಾತ್ರ ವಿಡಿಯೋವೊಂದನ್ನೇ ನಂಬಲಾಗದು, ಅಂಕಿಯು ಅಕ್ಷರದಲ್ಲಿ ಇರಲೇಬೇಕು. ಮಗುವಿನ ಭೇದಿಗೆ ಕೊಡುವ ಓ.ಆರ್.ಎಸ್. ಪೊಟ್ಟಣಗಳಲ್ಲಿ ಒಂದು ಲೀಟರು ನೀರಿಗೆ ಕಲಸತಕ್ಕದ್ದೂ ಉಂಟು, 200 ಮಿಲಿಲೀಟರಿನ ಒಂದು ಲೋಟಕ್ಕೆ ಕಲಸತಕ್ಕದ್ದೂ ಉಂಟು. ದೊಡ್ಡ ಪೊಟ್ಟಣವನ್ನು ಲೋಟಕ್ಕೆ ಕಲಸಿದರೆ ಆ ಮದ್ದೇ ಮಗುವಿಗೆ ಮುಳುವಾದೀತು.

ಗುಣಮುಖರಾದವರ ಪ್ರಶಂಸೆಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ರೋಗಿಯ ಅನುಭವವು ಮತ್ತೊಬ್ಬ ರೋಗಿಗೆ ಧೈರ್ಯವನ್ನು ಕೊಡುವುದು ನಿಜ. ಕೀಮೋಥೆರಪಿಯ ವಾರಗಳು ಹೇಗೆ ಕಳೆದುವು, ಕೂದಲು ಯಾವಾಗ ಉದುರಿತು, ಯಾವಾಗ ಮರಳಿ ಬಂದಿತು ಎಂದು ಒಬ್ಬಾಕೆ ತನ್ನ ಮಾತಿನಲ್ಲಿ ಹೇಳಿದರೆ ಅದಕ್ಕೆ ಬೆಲೆಯುಂಟು. ಆದರೆ ದೇವರಂಥ ಡಾಕ್ಟರು ಎಂಬ ಒಂದು ಸಾಲಿನಿಂದ ಕಾಯಿಲೆಯವನಿಗೆ ತಿಳಿಯುವುದೇನೂ ಇಲ್ಲ. ನಮ್ಮ ವೈದ್ಯರ ವೃತ್ತಿನೀತಿಗೆ ಸಂಬಂಧಿಸಿದ 2002ರ ನಿಯಮಾವಳಿಯು, ವೈದ್ಯರು ನಡೆಸುವ ಆಸ್ಪತ್ರೆಯ ಜಾಹೀರಾತಿನಲ್ಲಿ ಸಂಸ್ಥೆಯ ಹೆಸರು, ಯಾವ ಬಗೆಯ ರೋಗಿಗಳನ್ನು ಸೇರಿಸಿಕೊಳ್ಳುವುದೆಂಬುದು, ಅಲ್ಲಿನ ಸೌಲಭ್ಯಗಳು ಮತ್ತು ಶುಲ್ಕ, ಇವಿಷ್ಟಕ್ಕಿಂತ ಹೆಚ್ಚಿನದೇನೂ ಇರಲಾಗದೆಂದು ಹೇಳಿತು. ತಾನು ಗುಣಪಡಿಸಿದ ರೋಗಗಳನ್ನು ವೈದ್ಯನು ಕೊಚ್ಚಿಕೊಳ್ಳುವುದನ್ನೂ, ಗುರುತು ಸಿಕ್ಕುವಂತೆ ರೋಗಿಯ ಚಿತ್ರವನ್ನು ಅವನ ಅನುಮತಿಯಿಲ್ಲದೆ ಅಚ್ಚುಮಾಡುವುದನ್ನೂ ನಿಷೇಧಿಸಿತು. ಜಾಲತಾಣಗಳು ಹೇರಳವಾಗುವ ಮೊದಲೇ ಬರೆದ ಆ ಪುಟ್ಟ ಪಟ್ಟಿಯಲ್ಲಿ ಶುಲ್ಕಕ್ಕೆ ಸ್ಥಾನವಿದೆ, ಸ್ತುತಿಗೆ ಇಲ್ಲ. ಇಂದಿನ ತಾಣಗಳಲ್ಲಿ ಇದು ತಲೆಕೆಳಗಾಗಿದೆ. ಸಕ್ಕರೆ ಕಾಯಿಲೆ, ಮೂರ್ಛೆರೋಗ, ಕ್ಯಾನ್ಸರ್ ಮೊದಲಾದ ರೋಗಗಳನ್ನು ಔಷಧದಿಂದ ಗುಣಪಡಿಸುವೆವೆಂದು ಜಾಹೀರು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯೇ ತಡೆದಿದೆಯೆಂಬುದನ್ನು ಶೇಕಡಾ ನೂರು ಗುಣವೆಂದು ಸಾರುವವರು ಓದಿಕೊಳ್ಳಬೇಕು.

ತಾಣಕ್ಕೆ ಬಂದವನ ಹೆಸರು, ಮೊಬೈಲು ಸಂಖ್ಯೆ, ಕಾಯಿಲೆ ಇವನ್ನೆಲ್ಲ ತುಂಬಿದ ಹೊರತು ಏನನ್ನೂ ಹೇಳದ ನಮೂನೆಗಳನ್ನು ಕುರಿತು ಒಂದೇ ಮಾತು: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಇರಲಿ ಬಿಡಲಿ, ಬಾಗಿಲಲ್ಲಿ ನಿಂತವನನ್ನು ಮೊದಲು ಒಳಗೆ ಕರೆದು ಉತ್ತರ ಕೊಟ್ಟು ಆಮೇಲೆ ಹೆಸರು ಕೇಳುವುದು ಸಭ್ಯತೆ. ಮನಸ್ಸಿನ ಕಾಯಿಲೆಯ ಪುಟದಲ್ಲಂತೂ ಯಾವ ನಮೂನೆಯೂ ಅಡ್ಡ ನಿಲ್ಲದೆ, ಹೆಸರು ಹೇಳದೆಯೂ ಕನ್ನಡದಲ್ಲಿಯೇ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಯು ಮೊದಲ ಸಾಲಿನಲ್ಲಿಯೇ ಇರಬೇಕು.

ಇಷ್ಟನ್ನೂ ಒಮ್ಮೆ ಬರೆದಿಡುವುದು ಕಷ್ಟವಲ್ಲ. ವರ್ಗವಾಗಿ ಹೋದ ವೈದ್ಯರ ಹೆಸರನ್ನು ಮಾರನೆಯ ದಿನವೇ ತೆಗೆಯುವವರು ಯಾರು ಎಂಬುದು ಕಷ್ಟ. ಜಿನೀವಾದ ಹೆಲ್ತ್ ಆನ್ ದ ನೆಟ್ ಎಂಬ ಪ್ರತಿಷ್ಠಾನವು, ಬರೆದವರು ಯಾರು, ಆಧಾರವೇನು, ಹಣ ಯಾರದು ಎಂಬುದನ್ನು ತಿಳಿಸುವ ಆರೋಗ್ಯತಾಣಗಳಿಗೆ ಕಾಲು ಶತಮಾನದಷ್ಟು ಕಾಲ ಮುದ್ರೆಯನ್ನೊತ್ತಿಕೊಡುತ್ತಿತ್ತು. 2022ರ ಕೊನೆಗೆ ಅದೂ ಮುಚ್ಚಿತು. ಈಗ ಆ ಕಾವಲು ಆಸ್ಪತ್ರೆಯದೇ. ಕಂಪ್ಯೂಟರ್ ವಿಭಾಗದವರ ಮೇಲೆ ಹೊರಿಸಿ ಕೈತೊಳೆದುಕೊಳ್ಳದೆ, ಪುಟಪುಟಕ್ಕೂ ಒಬ್ಬ ವೈದ್ಯರನ್ನೋ ನರ್ಸನ್ನೋ ಹೊಣೆ ಮಾಡಿ ಅವರ ಹೆಸರನ್ನು ಅಡಿಯಲ್ಲಿ ಹಾಕಬೇಕು. ಹಾಗೆ ಹೊಣೆಗಾರರು ಸಿಕ್ಕದ ಪುಟವನ್ನು ತೆಗೆದುಹಾಕುವುದೇ ಮೇಲು.

ಸರ್ಕಾರೀ ಆಸ್ಪತ್ರೆಗಳಿಗೆ ಇದು ಔದಾರ್ಯದ ಪ್ರಶ್ನೆಯೂ ಅಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಪ್ರಕರಣವು, ಸಾರ್ವಜನಿಕ ಪ್ರಾಧಿಕಾರಗಳು ಯಾರೂ ಕೇಳದೆಯೇ ತಮ್ಮ ವಿವರಗಳನ್ನು ಅಂತರ್ಜಾಲವೂ ಸೇರಿದಂತೆ ನಾನಾ ಮಾರ್ಗಗಳಿಂದ, ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟುಕೊಂಡು ಪ್ರಕಟಿಸಬೇಕೆಂದು ವಿಧಿಸುತ್ತದೆ. ವಾಚಕರು ಒಮ್ಮೆ ತಮ್ಮ ಜಿಲ್ಲಾಸ್ಪತ್ರೆಯ ಪುಟವನ್ನು ಮೊಬೈಲಿನಲ್ಲಿ ತೆರೆದು ನೋಡಲಿ. ವೈದ್ಯರು ಸಿಕ್ಕುವ ದಿನ, ಚೀಟಿಯ ವೇಳೆ, ಶುಲ್ಕ, ಯೋಜನೆಗೆ ಬೇಕಾದ ಕಾಗದಗಳು, ಇವು ಕನ್ನಡದಲ್ಲಿ ಕಾಣದಿದ್ದರೆ ಆ ಪ್ರಕರಣವನ್ನು ಉಲ್ಲೇಖಿಸಿ ಆಸ್ಪತ್ರೆಯ ಅಧೀಕ್ಷಕರಿಗೂ ಆರೋಗ್ಯ ರಕ್ಷಾ ಸಮಿತಿಗೂ ಒಂದು ಅರ್ಜಿಯನ್ನು ಬರೆಯಲಿ.